ಕೊಳಗದಲ್ಲಿ ಉಳಿದ ಇಪ್ಪತ್ತು ಉಂಡೆಗಳು

ತಪ್ಪು ಗುಣಾಕಾರದಲ್ಲಿ ಇರಲಿಲ್ಲ. ಹಾಗಾದರೆ ಎಲ್ಲಿತ್ತು?

ನಿಂಗರಾಜು ಮರಳಹುಂಡಿ ಪಂಚಾಯಿತಿ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಕೂತಿದ್ದ. ನಂಜನಗೂಡಿನಿಂದ ಹೊರಟು ಸುತ್ತೂರು ದಾಟಿ ಇಲ್ಲಿಗೆ ಬರುವವರೆಗೂ ಅದೇ ನಾಲ್ಕು ಭಿನ್ನರಾಶಿಗಳು ತಲೆಯೊಳಗೆ ಸುತ್ತುತ್ತಿದ್ದವು. ಮೂವತ್ತರಲ್ಲಿ ಆರು. ಇಪ್ಪತ್ತೊಂಬತ್ತರಲ್ಲಿ ಐದು. ಇಪ್ಪತ್ತೆಂಟರಲ್ಲಿ ನಾಲ್ಕು. ಇಪ್ಪತ್ತೇಳರಲ್ಲಿ ಮೂರು. ನಾಲ್ಕನ್ನೂ ಗುಣಿಸಿದರೆ ಸಾವಿರದೆಂಟುನೂರ ಇಪ್ಪತ್ತೇಳರಲ್ಲಿ ಒಂದು. ಹತ್ತು ಸಲ ಗುಣಿಸಿದರೂ ಅಷ್ಟೇ.

ಒಂದು ಲೆಕ್ಕ ಸರಿಯಾಗಿದ್ದೂ ಒಬ್ಬ ಮುದುಕಿಯ ಕುತ್ತಿಗೆಗೆ ಬೀಳಬಹುದೇ? ಬೀಳಬಹುದು. ಬಿದ್ದಿತ್ತು.

ಕಪಿಲೆ ಉಕ್ಕಿ ಮನೆ ಕಳೆದುಕೊಂಡ ಮೂವತ್ತು ಕುಟುಂಬಗಳಿಗೆ ಹತ್ತು ನಿವೇಶನಗಳನ್ನು ಕೊಳಗದಿಂದ ಚೀಟಿಯ ಉಂಡೆ ಎತ್ತಿ ಹಂಚಿದಾಗ, ಮೊದಲ ನಾಲ್ಕು, ಅಂದರೆ ನೀರು ಎಂದೂ ಮುಟ್ಟದ ದಿಣ್ಣೆಯ ಮೇಲಿನ ನಾಲ್ಕೂ, ಮಾಜಿ ಅಧ್ಯಕ್ಷ ಕಾಂತರಾಜುವಿನ ದಾಯಾದಿಗಳಿಗೇ ಹೋಗಿದ್ದವು. ದಾಯಾದಿಗಳ ಅರ್ಜಿ ಇದ್ದದ್ದು ಆರು ಮಾತ್ರ. ಊರು ಗಲಾಟೆ ಎಬ್ಬಿಸಿತು, ಪೊಲೀಸರು ಕೇಸು ಬರೆದರು. ಇದು ತಾನಾಗಿ ಆಗಬಹುದಾದದ್ದೇ ಅಲ್ಲವೇ ಎಂದು ಟಿಪ್ಪಣಿ ಕೊಡಲು ನಂಜನಗೂಡಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವ ನಿಂಗರಾಜುವನ್ನು ಕೇಳಿದ್ದರು. ಅವನು ಎರಡು ಪುಟ ಬರೆದುಕೊಟ್ಟಿದ್ದ.

ಬೆಳಿಗ್ಗೆ ಅದಕ್ಕೆ ಉತ್ತರವೆಂಬಂತೆ ವಿಚಾರಣಾಧಿಕಾರಿಯ ಆದೇಶ ಬಂದಿತ್ತು. ‘ಇದು ಆಕಸ್ಮಿಕವಲ್ಲವೆಂದು ತಜ್ಞರ ಟಿಪ್ಪಣಿಯಿಂದ ದೃಢಪಟ್ಟಿರುವುದರಿಂದ, ಉಂಡೆ ಎತ್ತಿದ ಮಹದೇವಮ್ಮ ಎಂಬುವರ ಹೆಸರನ್ನು ಸಂತ್ರಸ್ತರ ಪಟ್ಟಿಯಿಂದ ಕೈಬಿಡಲು ಉದ್ದೇಶಿಸಲಾಗಿದೆ.’ ಸಮಜಾಯಿಷಿ ಇದ್ದರೆ ಅದೇ ದಿನ ಸಂಜೆ ನಾಲ್ಕಕ್ಕೆ ತಿ. ನರಸೀಪುರಕ್ಕೆ ಬಂದು ಹೇಳಬೇಕು. ಪಟ್ಟಿಯಿಂದ ಹೆಸರು ಹೋದರೆ, ಆ ಹತ್ತರಲ್ಲಿ ಹೆಸರು ಬಾರದ ಮಹದೇವಮ್ಮನಿಗೆ ಈ ಸಲವೂ ಇಲ್ಲ, ಮುಂದೆಂದೂ ಮನೆಯಿಲ್ಲ. ನದಿ ದಂಡೆಯ ಟಾರ್ಪಾಲೇ ಗತಿ.

ಈಗ ಹನ್ನೆರಡೂವರೆ.

“ಹೆಲ್ಮೆಟ್ ಹಾಕ್ಕೊಂಡೇ ಧ್ಯಾನ ಮಾಡ್ತೀರಾ ಸರ್?” ಎಂದು ಯಾರೋ ಕೇಳಿದರು. ಎಸ್‌ಐ ತೇಜಸ್ವಿನಿ ಜೀಪಿನಿಂದಿಳಿದು ಟೋಪಿಯಲ್ಲಿ ಗಾಳಿ ಬೀಸಿಕೊಳ್ಳುತ್ತ ನಿಂತಿದ್ದಳು. ಕೇಸು ಅವಳ ಕೈಯಲ್ಲಿತ್ತು.

“ಆದೇಶ ಓದಿದ್ರಾ ಮೇಡಂ?”

“ಓದಿದೆ. ನಿಮ್ಮ ಲೆಕ್ಕ ಭಾರಿ ಕೆಲಸ ಮಾಡ್ಬಿಡ್ತು.”

“ನಾನು ಬರೆದದ್ದು, ಇದು ತಾನಾಗಿ ಆಗೋದು ತೀರಾ ಅಪರೂಪ ಅಂತ. ಯಾರು ಮಾಡಿದ್ರು ಅಂತಲ್ಲ. ಆ ಸಂಖ್ಯೆಗೆ ಕಣ್ಣಿಲ್ಲ ಮೇಡಂ, ಅದು ಯಾರ ಮುಖಾನೂ ನೋಡಿಲ್ಲ. ಅವರೇ ಅದಕ್ಕೆ ಆಯಮ್ಮನ ಮುಖ ಅಂಟಿಸಿದ್ರು.”

“ಕೊಳಗಕ್ಕೆ ಕೈ ಹಾಕಿದ್ದು ಅವಳೊಬ್ಬಳೇ ತಾನೇ? ಅದಕ್ಕೆ ಅಂಟಿಸಿದ್ರು. ಸಾಕ್ಷಿಗಳೂ ಒಂದೇ ಮಾತು ಹೇಳ್ತಾರೆ. ಮೊದಲ ನಾಲ್ಕು ಉಂಡೆ ಮೇಲಿಂದ ತೆಗೆದಳು, ಐದನೇದರಿಂದ ಮೊಣಕೈವರೆಗೂ ಕೈ ಇಳಿಸಿ ತಳದಿಂದ ತೆಗೆದಳು ಅಂತ. ಗೊತ್ತಿದ್ದೇ ಮಾಡಿದ್ದಾಳೆ ಅನ್ನೋಕೆ ಇನ್ನೇನು ಬೇಕು?”

ನಿಂಗರಾಜು ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿದ. “ಅದನ್ನ ಅವರನ್ನೇ ಯಾರಾದ್ರೂ ಕೇಳಿದ್ರಾ?”

ತೇಜಸ್ವಿನಿ ಟೋಪಿಯನ್ನು ಕಂಕುಳಿಗಿಟ್ಟುಕೊಂಡು ನದಿ ದಂಡೆಯ ಕಡೆ ಹೆಜ್ಜೆ ಹಾಕಿದಳು.

* * *

ಮಹದೇವಮ್ಮ ಟಾರ್ಪಾಲಿನ ನೆರಳಲ್ಲಿ ಮೊರ ಹಿಡಿದು ರಾಗಿ ಹಸನು ಮಾಡುತ್ತಿದ್ದಳು. ಅವಳ ಹಿಂದೆ ಕುಸಿದ ಗೋಡೆಯೊಂದು ಅರ್ಧ ನಿಂತಿತ್ತು. ಗೋಡೆಯ ಮೇಲೆ ಎದೆಮಟ್ಟದಲ್ಲಿ ನೀರು ಬಂದುಹೋದ ಗೆರೆ.

“ನೀನೇ ಅಂತಲ್ಲಪ್ಪ ಲೆಕ್ಕ ಬರ್ದದ್ದು?” ಅಂದಳು, ತಲೆಯೆತ್ತದೆ.

“ಹೌದವ್ವ.”

“ನಂಗೂ ಒಸಿ ಯೋಳು ಆ ಲೆಕ್ಕವ. ನಾನು ಕಳ್ಳಿ ಅಂತ ಎಷ್ಟನೇ ಮಗ್ಗೀಲಿ ಬತ್ತದ?”

ತೇಜಸ್ವಿನಿ ಮುಖ ತಿರುಗಿಸಿದಳು. ನಿಂಗರಾಜು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಬೈಸಿಕೊಳ್ಳಲೆಂದೇ ಬಂದವನಂತೆ ಕೂತಿದ್ದ.

“ನಮ್ಮ ಬೀದಿ ಕೈ ಆ ಕೊಳಗಕ್ಕ ಇಳ್ದದ್ದು ಇದೇ ಮೊದಲು ಕಣಪ್ಪ,” ಅಂದಳು ಮಹದೇವಮ್ಮ. “ನಮ್ಮತ್ತ ಕಾಲ್ದಲ್ಲಿ ದೂರ ನಿಂತ್ಕಂಡು ನೋಡ್ಬೇಕಾಗಿತ್ತು. ಈ ಸಲ ಅವರೇ ಮನಗಂಟ ಬಂದು ಕರುದ್ರು. ನೀನೇ ಎತ್ತವ್ವ, ನಿನ್ನ ಎಸ್ರೂ ಕೊಳಗದಲ್ಲದ, ನೀನಾದ್ರ ಯಾರೂ ಸೊಲ್ಲೆತ್ತಕಿಲ್ಲ ಅಂದ್ರು. ನಾನು ಮಿಂದು, ಮಡಿ ಸೀರ ಉಟ್ಕಂಡೋದಿ. ಮರ್ವಾದಿ ಕೊಡ್ತಾವ್ರ ಅನ್ಕಂಡಿ.”

ಕೊಳಗಕ್ಕೆ ಕೈ ಹಾಕುವವರ ಹೆಸರೂ ಕೊಳಗದೊಳಗಿರಬೇಕು. ಅದು ಈ ಊರಿನ ಕಟ್ಟಳೆ. ಚೀಟಿಗಳನ್ನು ಹೊಳೆಯ ಜೇಡಿಮಣ್ಣಿನ ಉಂಡೆಯೊಳಗಿಟ್ಟು ಒಣಗಿಸಿ, ರಾಗಿ ತುಂಬಿದ ಕೊಳಗದಲ್ಲಿ ಹೂತು, ಪ್ರತಿ ಸಲ ಮೂರು ಬಾರಿ ಕುಲುಕಿದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎತ್ತಬೇಕು. ಎತ್ತಿದ ಉಂಡೆಯನ್ನು ಅಲ್ಲೇ ಒಡೆದು ಹೆಸರು ಕೂಗುತ್ತಾರೆ. ಮತ್ತೆ ಒಳಗೆ ಹಾಕುವುದಿಲ್ಲ.

“ಯಾರವ್ವ ಮನೆಗೆ ಬಂದು ಕರೆದದ್ದು?”

“ಪಂಚಾಯ್ತಿ ಸಾಯೇಬ್ರು. ಚಂದ್ರಶೇಕರಪ್ಪೋರು.”

“ಐದನೇದರಿಂದ ತಳಕ್ಕೆ ಕೈ ಹಾಕಿದೆಯಂತೆ. ಯಾಕೆ?”

ಅವಳು ಮೊರವನ್ನು ಎರಡು ಸಲ ಕುಲುಕಿದಳು. ಹೊಟ್ಟೆಲ್ಲ ಮೇಲೆ ಬಂದು ಒಂದು ಮೂಲೆಗೆ ಸರಿಯಿತು. ಅದನ್ನು ಅಂಗೈಯಿಂದ ಒರೆಸಿ ಎಸೆದಳು. ಮತ್ತೆರಡು ಸಲ ಕುಲುಕಿದಳು. ಮತ್ತಷ್ಟು ಹೊಟ್ಟು ಮೇಲೆ ಬಂತು.

ನಿಂಗರಾಜು ಆ ಮೊರವನ್ನೇ ನೋಡುತ್ತಿದ್ದ.

“ಮೇಲೆ ಇದ್ದವು ಹಗುರ ಇದ್ದವಾ?” ಎಂದ.

“ಅರವತ್ತು ವರ್ಷದಿಂದ ಕೇರ್ತಾ ಇವ್ನಿ. ಕೈಗ ಗೊತ್ತಾಗಕಿಲ್ವಾ?” ಅವಳು ಮೊದಲ ಬಾರಿ ಅವನ ಮುಖ ನೋಡಿದಳು. ಕಣ್ಣು ಕೆಂಪಗಿದ್ದವು. “ನಾಕೂ ಅಗುರ್ವಾಗಿದ್ದೊ. ಮಣ್ಣಿಗ ಹೊಟ್ಟು ಕಲ್ಸಿದ್ರು. ಕುಲುಕ್ದಾಗೆಲ್ಲ ಅವೇ ಮ್ಯಾಕ್ಕ ಬರವು. ನಾಕ್ನೇದು ಕೂಗ್ದಾಗ ಗೊತ್ತಾಯ್ತು, ಎಲ್ಲ ಅವರವರವೇ ಅಂತ. ಆಮೇಲ ಮ್ಯಾಲಿನವ ನಾ ಮುಟ್ನಿಲ್ಲ. ತಳದಿಂದ ಎತ್ತುದಿ.”

“ಆಗಲೇ ಕೂಗಿ ಹೇಳಬಹುದಿತ್ತಲ್ಲ!” ತೇಜಸ್ವಿನಿ ಕೇಳಿದಳು.

“ಯಾರ್ಗವ್ವ? ನಿಮ್ಮ ಪೋಲೀಸ್ನೋರು ಕಾಂತರಾಜಪ್ಪೋರ ಜಗಲೀಲಿ ಕಾಪಿ ಕುಡೀತಾ ಕೂತಿದ್ರು.”

ತೇಜಸ್ವಿನಿ ಟೋಪಿ ಹಾಕಿಕೊಂಡಳು.

“ಉಂಡೆ ಕಟ್ಟಿದ್ದು ಯಾರವ್ವ?” ನಿಂಗರಾಜು ಕೇಳಿದ.

ಮೊರ ನಿಂತಿತು. ಇಷ್ಟು ಹೊತ್ತು ಕಿಡಿಕಿಡಿಯಾಗಿದ್ದ ಮಾತು ಆರಿಹೋಯಿತು. “ಗೊತ್ತಿಲ್ಲ ಕಣಪ್ಪ,” ಎಂದು ಅವಳು ರಾಗಿಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದಳು.

ಅವಳು ನುಣುಚಿಕೊಂಡದ್ದನ್ನು ಅವನು ಗಮನಿಸಿದ. ಆದರೆ ಕೋಪ ಅವನನ್ನು ಆಗಲೇ ಎಬ್ಬಿಸಿ ನಿಲ್ಲಿಸಿತ್ತು. ಮರ್ಯಾದೆಯೆಂದು ನಂಬಿಸಿ ಮುದುಕಿಯನ್ನು ಕರೆದು ತಂದು, ತಮ್ಮ ಕಳ್ಳತನಕ್ಕೆ ಅವಳ ಕೈಯನ್ನೇ ಹೂಡಿದ್ದರು. ಹೂಡಿದ್ದಕ್ಕೆ ಬೀಗ ಹಾಕಿದ್ದು ತನ್ನ ಸಂಖ್ಯೆ.

* * *

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಚಂದ್ರಶೇಖರ್ ಊಟದ ಡಬ್ಬಿ ಮುಚ್ಚುತ್ತಿದ್ದ. ತೆಳ್ಳಗಿನ ಮನುಷ್ಯ, ಮಾತೂ ಮೆಲ್ಲಗೆ. ಎದುರು ಕುರ್ಚಿಯಲ್ಲಿ ಕಾಂತರಾಜು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಧ್ಯಕ್ಷಗಿರಿ ಹೋಗಿ ಎರಡು ವರ್ಷವಾದರೂ ಆ ಕುರ್ಚಿ ಅವನನ್ನು ಬಿಟ್ಟಿರಲಿಲ್ಲ.

“ಬನ್ನಿ ಮೇಷ್ಟ್ರೇ! ನಿಮ್ಮ ಲೆಕ್ಕದಿಂದ ನಮ್ಮೂರ್ಗೆ ಒಳ್ಳೇದಾಯ್ತು ಬುಡಿ. ಕಳ್ಳೀನ ಹಿಡ್ಕೊಟ್ರಿ.”

ನಿಂಗರಾಜು ಕೂರಲಿಲ್ಲ. ಮೂಲೆಯ ಬೀರುವಿನ ಮೇಲೆ ಹಿತ್ತಾಳೆ ಕೊಳಗವಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅರಗಿನ ಮುದ್ರೆ ಒತ್ತಿ, ತೇಜಸ್ವಿನಿ ಸಹಿ ಹಾಕಿಟ್ಟಿದ್ದು. ಒಳಗೆ ಎತ್ತದೆ ಉಳಿದ ಇಪ್ಪತ್ತು ಉಂಡೆಗಳು.

“ನಾನು ನಿಮ್ಮ ಟಿಪ್ಪಣಿ ಓದಿದೆ ಸರ್,” ಎಂದ ಚಂದ್ರಶೇಖರ್. “ಬೇಜಾರ್ ಮಾಡ್ಕೋಬೇಡಿ, ಸ್ವಲ್ಪ ಜಾಸ್ತಿ ಹೆದರಿಸಿಬಿಟ್ಟಿದೀರಿ. ಮೂವತ್ತರಲ್ಲಿ ಆರು ಅಂದ್ರೆ ಐದರಲ್ಲಿ ಒಂದು. ಹಂಗೆ ನಾಲ್ಕು ಸಲ. ಐದೈದ್ಲಿ ಇಪ್ಪತ್ತೈದು, ಇಪ್ಪತ್ತೈದಿಪ್ಪತ್ತೈದ್ಲಿ ಆರುನೂರಿಪ್ಪತ್ತೈದು. ಆರುನೂರಿಪ್ಪತ್ತೈದರಲ್ಲಿ ಒಂದು. ರಾಜ್ಯದಲ್ಲಿ ಎಷ್ಟು ಊರಲ್ಲಿ ಚೀಟಿ ಎತ್ತಲ್ಲ? ಎಲ್ಲೋ ಒಂದ್ಕಡೆ ಆಗಲೇಬೇಕಲ್ಲ.”

“ಎತ್ತಿದ ಉಂಡೇನ ವಾಪಸ್ ಒಳಗೆ ಹಾಕ್ತೀರಾ?”

“ಇಲ್ಲ...”

“ಅವರ ಮನೆಯದ್ದು ಒಂದು ಹೊರಗೆ ಬಂದ ಮೇಲೆ ಒಳಗೆ ಉಳಿಯೋದು ಇಪ್ಪತ್ತೊಂಬತ್ತು. ಅದರಲ್ಲಿ ಅವರದ್ದು ಐದೇ. ಎರಡು ಬಂದ ಮೇಲೆ ಇಪ್ಪತ್ತೆಂಟರಲ್ಲಿ ನಾಲ್ಕೇ. ಒಂದು ಬಂದಷ್ಟೂ ಇನ್ನೊಂದು ಬರೋದು ಕಷ್ಟ ಆಗ್ತಾ ಹೋಗುತ್ತೆ ಸರ್. ನೀವು ಹೇಳಿದ್ದು ಪ್ರತಿ ಸಲ ಹೊಸ ಕೊಳಗ ತಂದಿಟ್ಟ ಲೆಕ್ಕ. ಇಲ್ಲಿ ಇದ್ದದ್ದು ಒಂದೇ ಕೊಳಗ.”

“ಅದೇನೇ ಇರ್ಲಿ, ಸಾವಿರದೆಂಟುನೂರು ಚಿಲ್ರೆಲಿ ಒಂದಾದ್ರೂ ಆಗಬಹುದು ತಾನೇ?”

“ಆಗಬಹುದು,” ಎಂದ ನಿಂಗರಾಜು.

ಕಾಂತರಾಜು ತೊಡೆ ತಟ್ಟಿ ನಕ್ಕ. “ಓಹೋ! ಆಗಬಹುದಂತೆ! ಮೇಷ್ಟ್ರೇ ಒಪ್ಕಂಡ್ರು ಕಣ್ರೀ!”

“ಆಗಬಹುದು. ಅದಕ್ಕೇ ಬರೀ ಲೆಕ್ಕ ನಂಬ್ಕೊಂಡು ಯಾರನ್ನೂ ಕಳ್ಳ ಅನ್ನಬಾರದಿತ್ತು. ಅವರನ್ನೂ ಅನ್ನಬಾರದು, ನಿಮ್ಮನ್ನೂ ಅನ್ನಬಾರದು.” ಅವನ ದನಿ ಏರಲಿಲ್ಲ. ಏರದಿದ್ದುದೇ ತೇಜಸ್ವಿನಿಯನ್ನು ಅವನ ಕಡೆ ತಿರುಗುವಂತೆ ಮಾಡಿತು. “ಮೇಡಂ, ಮುದ್ರೆ ಒಡೀರಿ. ಮಹಜರಿಗೆ ಇವರಿಬ್ಬರೂ ಸಾಕ್ಷಿ ಆಗ್ಲಿ.”

“ಅದು ಆಗಲ್ಲ!” ಕಾಂತರಾಜು ಎದ್ದೇಬಿಟ್ಟ. “ಊರಿನ ಕೊಳಗ ಅದು. ಯಾವನ್ಲಾ ನೀನು ನಂಜನಗೂಡಿಂದ ಬಂದು—”

“ಈಗ ಅದು ಊರಿನ ಕೊಳಗ ಅಲ್ಲ, ನನ್ನ ಕೇಸಿನ ಮಾಲು,” ಎಂದಳು ತೇಜಸ್ವಿನಿ. “ಕೂತ್ಕೊಳಿ ಸಾಹೇಬ್ರೇ. ಇನ್ನೊಂದ್ಸಲ ‘ಲಾ’ ಅಂದ್ರೆ ಅದನ್ನೂ ಮಹಜರಿಗೆ ಬರ್ಕೊತೀನಿ.”

ಅರಗು ಚಟ್ಟನೆ ಒಡೆಯಿತು. ನಿಂಗರಾಜು ಬಟ್ಟೆ ಬಿಚ್ಚಿ ಉಂಡೆಗಳನ್ನೆಲ್ಲ ರಾಗಿಯೊಳಗಿನಿಂದ ತೆಗೆದು ಮೇಜಿನ ಮೇಲಿಟ್ಟ. ಇಪ್ಪತ್ತು. ಎಲ್ಲವೂ ನೆಲ್ಲಿಕಾಯಿ ಗಾತ್ರ, ಒಂದೇ ಬೂದು ಬಣ್ಣ. ಕಣ್ಣಿಗೆ ಯಾವ ಭೇದವೂ ಕಾಣದು. ಕೈಯಲ್ಲಿ ತೂಗಿ ನೋಡಲಿಲ್ಲ. ಹಾಗೆ ಮಾಡಿದರೆ ನೀನೇ ಆರಿಸಿದೆ ಎಂದಾರು. ಎಲ್ಲವನ್ನೂ ಒಟ್ಟಿಗೆ ತಳಕ್ಕೆ ಹಾಕಿ ಮೇಲೆ ರಾಗಿ ಸುರಿದ.

“ಕಾಂತರಾಜಪ್ಪೋರೇ, ನಿಮ್ಮ ಆರು ಮನೆಯಲ್ಲಿ ನಾಲ್ಕು ಬಂದಾಯ್ತು. ಇನ್ನು ಯಾರ ಹೆಸರು ಒಳಗಿವೆ?”

“ನಮ್ಮ ದೊಡ್ಡಪ್ಪ ಜವರಯ್ಯಂದು. ನಮ್ಮ ತಮ್ಮ ನಂಜುಂಡೇಶಂದು. ಏನೀಗ?”

“ಈ ಇಪ್ಪತ್ತರಲ್ಲಿ ಎರಡು ಉಂಡೆ ತಾವಾಗೇ ಮೇಲೆ ಬಂದು, ಅವೆರಡೂ ಆ ಎರಡೇ ಹೆಸರಾಗೋದು, ಬರೀ ಅದೃಷ್ಟ ಆಗಿದ್ರೆ, ಮೊದಲನೇದಕ್ಕೆ ಇಪ್ಪತ್ತರಲ್ಲಿ ಎರಡು, ಎರಡನೇದಕ್ಕೆ ಹತ್ತೊಂಬತ್ತರಲ್ಲಿ ಒಂದು. ಎರಡನ್ನೂ ಗುಣಿಸಿ ನೋಡಿದ್ರೆ ನೂರತೊಂಬತ್ತರಲ್ಲಿ ಒಂದು ಸಲ. ನಾನು ಈಗಲೇ ಹೇಳ್ತಿದೀನಿ, ನೋಡೋಕೆ ಮುಂಚೆ. ಮೇಲೆ ಬರೋದು ಎರಡೇ. ಅವೆರಡೂ ನಿಮ್ಮ ಮನೆಯವೇ. ಮೇಡಂ, ಬರ್ಕೊಳಿ.”

ತೇಜಸ್ವಿನಿ ಬರೆದುಕೊಂಡಳು. ತಪ್ಪಿದರೆ ಹಿಂದೆ ಹೋಗಲು ದಾರಿಯಿಲ್ಲದ ಹಾಗೆ ಅವನೇ ಬಾಗಿಲು ಹಾಕಿಕೊಂಡಿದ್ದ.

“ನೀವೇ ಕುಲುಕಿ ಸರ್,” ಎಂದು ಕೊಳಗವನ್ನು ಚಂದ್ರಶೇಖರನ ಮುಂದೆ ತಳ್ಳಿದ. “ಅವತ್ತೂ ನೀವೇ ಕುಲುಕಿದ್ದು.”

ಅಧಿಕಾರಿಯ ಕೈ ಒಂದು ಕ್ಷಣ ಕೊಳಗದ ಕಂಠದ ಮೇಲೆ ತಡೆಯಿತು. ಆಮೇಲೆ ಕುಲುಕಿದ. ಒಂದು. ಎರಡು. ಮೂರು.

ಏನೂ ಬರಲಿಲ್ಲ. ರಾಗಿ ಸಮನಾಗಿ ಕೂತಿತ್ತು.

“ಇವತ್ತು ಪೂರ್ತಿ ತಳದಲ್ಲಿವೆ, ಮೇಲೆ ಬರೋಕೆ ಹೊತ್ತು ಬೇಕು. ಅವತ್ತು ಹತ್ತು ಸಲ ಎತ್ತಿಸಿದ್ರಿ. ಪ್ರತಿ ಸಲ ಮೂರು. ಇನ್ನೂ ಕುಲುಕಿ.”

ಒಂಬತ್ತನೆಯ ಕುಲುಕಿಗೆ ರಾಗಿಯ ನಡುವೆ ಬೂದು ಬೆನ್ನೊಂದು ಕಂಡಿತು. ಹನ್ನೆರಡಕ್ಕೆ ಇನ್ನೊಂದು. ಹದಿನೈದರ ಹೊತ್ತಿಗೆ ಎರಡು ಉಂಡೆಗಳೂ ಮಜ್ಜಿಗೆಯ ಮೇಲಿನ ಬೆಣ್ಣೆಯ ಹಾಗೆ ಪೂರ್ತಿ ಮೇಲೆ ಬಂದು ಕೂತಿದ್ದವು. ಮೂವತ್ತು ತುಂಬುವವರೆಗೆ ಕುಲುಕಿಸಿದ. ಮೂರನೆಯದು ಬರಲೇ ಇಲ್ಲ.

ಕಾಂತರಾಜು ಕುರ್ಚಿಯ ಅಂಚಿಗೆ ಸರಿದ.

“ಇದಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದ್ರೇನು, ಬಿಟ್ರೇನು?” ಎಂದ ನಿಂಗರಾಜು. “ನ್ಯಾಯಕ್ಕೆ ಅಂತ ಕುಲುಕೋ ಕುಲುಕನ್ನೇ ಕಳ್ಳತನಕ್ಕೆ ಇಟ್ಕೊಂಡ್ರಿ. ಕೈ ಹಾಕಿದವರಿಗೆಲ್ಲ ಮೇಲಿಂದೇ ಸಿಗೋದು. ಯಾರ ಕೈ ಆದ್ರೂ ನಡೀತಿತ್ತು. ಆದ್ರೂ ಹುಡುಕಿ ಹುಡುಕಿ ಅವರ ಕೈನೇ ತಂದ್ರಿ. ಗಲಾಟೆ ಆದ್ರೆ ಊರು ಮೊದಲು ಯಾರ ಮೇಲೆ ಬೀಳುತ್ತೆ ಅನ್ನೋ ಲೆಕ್ಕ ಮಾತ್ರ ನಿಮಗೆ ಸರಿಯಾಗಿ ಗೊತ್ತಿತ್ತು.”

ಬಾಗಿಲ ಬಳಿ ನೆರಳು ಕಂಡಿತು. ಮಹದೇವಮ್ಮ ಬಂದು ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಅವಳೂ ಬರಲಿಲ್ಲ.

ನಿಂಗರಾಜು ಮೊದಲ ಉಂಡೆಯನ್ನು ಮೇಜಿನ ಅಂಚಿಗೆ ಬಡಿದ. ಒಣಮಣ್ಣು ಬಿರಿಯಿತು. ಒಳಗೆಲ್ಲ ಭತ್ತದ ಹೊಟ್ಟು. ಚೀಟಿ ಬಿಡಿಸಿ ತೇಜಸ್ವಿನಿಯ ಕೈಗೆ ಕೊಟ್ಟ.

“ಜವರಯ್ಯ,” ಎಂದು ಓದಿದಳು ಅವಳು. ಅವಳ ಮುಖದಲ್ಲಿ ನಗು ಮೂಡಿತು. “ನಿಮ್ಮ ದೊಡ್ಡಪ್ಪ ಸಾಹೇಬ್ರೇ!”

ಕಾಂತರಾಜು ಹಣೆಯ ಬೆವರು ಒರೆಸಿಕೊಂಡ. “ನಂಗೇನೂ ಗೊತ್ತಿಲ್ಲ ಮೇಡಂ. ಉಂಡೆ ಕಟ್ಸಿದ್ದು ಆಪೀಸ್ನೋರು. ಇವರ್ನೇ ಕೇಳಿ.”

ಎಲ್ಲರೂ ಚಂದ್ರಶೇಖರನ ಕಡೆ ನೋಡಿದರು. ಆಗ ನಿಂಗರಾಜುವಿಗೆ ಏನೋ ಚುಚ್ಚಿದ ಹಾಗಾಯಿತು. ಹೆದರಬೇಕಾಗಿದ್ದವನು ಹೆದರಿರಲಿಲ್ಲ. ಅವನು ಕಾಯುತ್ತಿದ್ದ. ಕಣ್ಣು ಎರಡನೆಯ ಉಂಡೆಯ ಮೇಲಿತ್ತು.

“ಅದನ್ನೂ ಒಡೀರಿ ಸರ್,” ಎಂದ ಮೆಲ್ಲಗೆ. “ಬರೆಸಿದೀರಲ್ಲ, ಎರಡೂ ಅಂತ.”

ನಿಂಗರಾಜು ಎರಡನೆಯದನ್ನು ಮೇಜಿಗೆ ಬಡಿಯಲಿಲ್ಲ. ಅಂಗೈಯಲ್ಲಿಟ್ಟು ಹಿಸುಕಿದ. ಹೊಟ್ಟು ಬೆರೆತ ಮಣ್ಣು ಬೆರಳ ಸಂದಿಯಿಂದ ಉದುರಿತು. ಚೀಟಿ ಬಿಡಿಸಿ, ತಾನೊಬ್ಬನೇ ಓದಿಕೊಂಡ.

ಓದಿ, ಮತ್ತೆ ಓದಿದ.

ನಂಜುಂಡೇಶನ ಹೆಸರಾಗಿರಲಿಲ್ಲ. ಹಾಗಾದರೆ ಅದು ತಳದ ಹದಿನೆಂಟು ಭಾರದ ಉಂಡೆಗಳಲ್ಲಿ ಎಲ್ಲೋ ಇತ್ತು.

“ಯಾರದು ಸರ್?” ತೇಜಸ್ವಿನಿ ಪೆನ್ನು ಹಿಡಿದು ಕಾಯುತ್ತಿದ್ದಳು.

ಅವನು ತಲೆಯೆತ್ತಿದ. ಹೊಸ್ತಿಲಾಚೆ ಮಹದೇವಮ್ಮ ಅವನ ಕಣ್ಣನ್ನೇ ನೋಡುತ್ತಿದ್ದಳು. ಮೊರ ಹಿಡಿದು ಮಗ್ಗಿ ಕೇಳಿದ ಆ ಸಿಟ್ಟು ಅವಳ ಮುಖದಲ್ಲಿ ಈಗ ಇರಲಿಲ್ಲ. ನಿಧಾನವಾಗಿ ಅವಳು ದೃಷ್ಟಿಯನ್ನು ನೆಲಕ್ಕೆ ಇಳಿಸಿದಳು. ಉಂಡೆ ಕಟ್ಟಿದ್ದು ಯಾರೆಂದು ಕೇಳಿದಾಗಲೂ ಹೀಗೇ ಇಳಿಸಿದ್ದಳು.

“ಓದಿ ಮೇಷ್ಟ್ರೇ,” ಎಂದ ಕಾಂತರಾಜು. ದನಿಯಲ್ಲಿ ಮತ್ತೆ ಹುರುಪು ಬರುತ್ತಿತ್ತು. “ನೂರತೊಂಬತ್ರಲ್ಲಿ ಒಂದು ಅಂದ್ರಲ್ಲ, ಓದಿ!”

ಚಂದ್ರಶೇಖರ್ ಕೊಳಗವನ್ನು ತನ್ನ ಕಡೆಗೆ ಎಳೆದುಕೊಂಡ. “ಸರ್‌ಗೆ ಅಕ್ಷರ ಕಾಣ್ತಿಲ್ಲ ಅನ್ಸುತ್ತೆ. ತೊಂದರೆ ಇಲ್ಲ ಮೇಡಂ, ಉಳಿದ ಹದಿನೆಂಟೂ ಒಡೆದುಬಿಡೋಣ. ಇಪ್ಪತ್ತರ ಪಟ್ಟಿಲಿ ಯಾವ ಹೆಸರು ಬರಲಿಲ್ವೋ ಅದೇ ಅವರ ಕೈಯಲ್ಲಿರೋದು.”

ಅವನು ಮೊದಲ ಉಂಡೆಯನ್ನು ಮೇಜಿಗೆ ಬಡಿದ. ಎರಡನೆಯದನ್ನು ಬಡಿದ. ಹೆಸರುಗಳನ್ನು ಒಂದೊಂದಾಗಿ ಕೂಗತೊಡಗಿದ. ಗೋಡೆ ಗಡಿಯಾರದಲ್ಲಿ ಎರಡು ಗಂಟೆಯಾಗಿತ್ತು.

“ನಿಂಗರಾಜು ಸರ್,” ತೇಜಸ್ವಿನಿಯ ದನಿ ಬದಲಾಗಿತ್ತು. “ಕೈ ಬಿಡಿಸಿ.”

ಅವನ ಮುಷ್ಟಿ ಬಿಗಿಯಾಗಿಯೇ ಇತ್ತು. ಆ ಚೀಟಿಯಲ್ಲಿದ್ದುದು ಮಹದೇವಮ್ಮನ ಹೆಸರು. ಹೊಟ್ಟಿನ ಉಂಡೆಯಲ್ಲಿ ಅವಳ ಹೆಸರೂ ಇತ್ತೆಂದರೆ, ಕಳ್ಳತನದಲ್ಲಿ ಅವಳಿಗೂ ಪಾಲಿತ್ತೆಂದೇ ನಾಲ್ಕು ಗಂಟೆಗೆ ಬರೆದುಕೊಳ್ಳುತ್ತಾರೆ. ಅದನ್ನು ಅವನು ಹೇಳಲಿಲ್ಲ.